ಹನ್ನೊಂದು ಸೆಕೆಂಡಿನ ಕಸ

ಮುಂಡರಗಿ
೪ ಜೂನ್ ೨೦೨೪

‘ಸುರುಳಿ’ ವೆಬ್‌ಸೈಟಿನ ಮಾಲೀಕರಿಗೆ,

ನೀವು ಯಾರೆಂದು ಗೊತ್ತಿಲ್ಲ, ಆದ್ದರಿಂದ ಹೆಸರು ಬರೆದಿಲ್ಲ. ಪುಟದ ತಳದಲ್ಲಿ ಬೆಟಗೇರಿಯ ವಿಳಾಸವಿತ್ತು, ಅದಕ್ಕೇ ಈ ಕಾಗದ. ‘ನಮಗೆ ಬರೆಯಿರಿ’ ಎಂದು ನೀವೇ ಒಂದು ಜಾಗ ಮಾಡಿದ್ದೀರಿ. ಅಲ್ಲಿ ಮೂರು ಸಲ ಬರೆದು ಒತ್ತಿದೆ. ಮೂರು ಸಲವೂ ಒಂದು ಚಕ್ರ ತಿರುಗುತ್ತ ಕೂತಿತು. ಜನರನ್ನು ಕರೆದು ಬಾಗಿಲು ಹಾಕಿಕೊಳ್ಳುವುದು ಯಾವ ಊರಿನ ಪದ್ಧತಿ?

ಇನ್ನೊಂದು. ನಿಮ್ಮ ಪುಟದಲ್ಲಿ ಕನ್ನಡ ಅಕ್ಷರ ಇರಬೇಕಾದ ಕಡೆ ನನ್ನ ಮೊಬೈಲಿನಲ್ಲಿ ಬರೀ ಡಬ್ಬಿಗಳು ಕಾಣುತ್ತವೆ. ಪಕ್ಕದ ಅಂಗಡಿಯ ಗವಿಸಿದ್ದೇಶನ ಮೊಬೈಲು ಇಸಿದುಕೊಂಡು ಓದಬೇಕಾಯಿತು.

ಇವೆಲ್ಲ ಹೋಗಲಿ. ‘ಹೆಸರು ತಿಳಿಯದ ಗಾಯಕಿ, ಲಕ್ಷ್ಮೇಶ್ವರ, ಮೊಹರಮ್ಮಿನ ರಿವಾಯತ ಪದ’ ಎಂದು ಒಂದು ಹಾಕಿದ್ದೀರಲ್ಲ, ಅದು ಗಾಯಕಿ ಅಲ್ಲ, ಗಂಡಸು. ನಿಮ್ಮ ಟೇಪ್ ರೆಕಾರ್ಡರಿನ ಮೋಟಾರು ಜೋರು ಓಡುತ್ತಿದೆ, ಅದಕ್ಕೇ ದನಿ ಸಣ್ಣಗಾಗಿದೆ. ಹಿಂದಿನ ಹಲಗೆಯ ಪೆಟ್ಟು ಕೇಳಿ. ಮನುಷ್ಯರ ಕೈ ಅಷ್ಟು ಜೋರು ಬಾರಿಸುವುದಿಲ್ಲ. ಒಬ್ಬ ಗಂಡಸಿಗೆ ಸೀರೆ ಉಡಿಸಿ ಎಷ್ಟು ವರ್ಷದಿಂದ ಕೂರಿಸಿದ್ದೀರೋ, ಪಾಪ.

ನಾನು ಮೂವತ್ತೆಂಟು ವರ್ಷ ರೇಡಿಯೋ, ಟೇಪ್ ರಿಪೇರಿ ಮಾಡಿದವನು. ಈಗ ಮಿಕ್ಸರು, ಫ್ಯಾನು. ಉತ್ತರ ಕೊಡುವುದಾದರೆ ಕಾಗದದಲ್ಲಿ ಕೊಡಿ. ಸಿಟ್ಟು ಬಂದಾಗ ಫೋನಿನಲ್ಲಿ ನನ್ನ ನಾಲಿಗೆ ತೊದಲುತ್ತದೆ.

ಇಂತಿ,
ದೇವಪ್ಪ

*

ಬೆಟಗೇರಿ
೧೨ ಜೂನ್ ೨೦೨೪

ದೇವಪ್ಪನವರಿಗೆ,

ನಮಸ್ಕಾರ. ನಿಮ್ಮ ಕಾಗದ ಓದಿ ಮೊದಲು ಮೈ ಉರಿಯಿತು. ಆಮೇಲೆ ಎದ್ದು ಒಂದೊಂದೇ ಸರಿ ಮಾಡಿದೆ.

ಡಬ್ಬಿಗಳು ಬಂದದ್ದು ನಾನು ಆರಿಸಿದ ಅಕ್ಷರಶೈಲಿಯಿಂದ. ಹಳೆಯ ಮೊಬೈಲಿಗೂ ಹೊಂದುವ ಅಕ್ಷರ ಹಾಕಿದ್ದೇನೆ. ‘ನಮಗೆ ಬರೆಯಿರಿ’ ಕೆಟ್ಟು ಎಂಟು ತಿಂಗಳಾಗಿತ್ತಂತೆ. ಅರವತ್ತೊಂದು ಜನ ಬರೆದದ್ದು ನನಗೆ ತಲುಪದೆ ಒಂದು ಮೂಲೆಯಲ್ಲಿ ಬಿದ್ದಿತ್ತು. ಅವರಲ್ಲಿ ನೀವು ಮೂರು ಜನ.

ಗಾಯಕಿಯ ವಿಷಯ. ನೀವು ಹೇಳಿದಂತೆ ವೇಗ ತಗ್ಗಿಸಿದೆ. ಮತ್ತೆ ಮತ್ತೆ ಹಾಕಿ ಕೇಳಿದೆ. ಎಂಥ ದನಿ! ಎಂಥ ಗಂಡಸು! ನಾನು ಎರಡು ವರ್ಷ ‘ಈ ಹೆಣ್ಣುಮಗಳು ಯಾರಿರಬಹುದು’ ಎಂದು ಲಕ್ಷ್ಮೇಶ್ವರದ ಓಣಿ ಓಣಿ ತಿರುಗಿ ವಿಚಾರಿಸಿದ್ದೇನೆ. ಜನ ನನ್ನನ್ನು ಹೇಗೆ ನೋಡಿರಬೇಕು, ನೀವೇ ಊಹಿಸಿ.

ಮಾಲೀಕರು ಎಂದು ಬರೆದಿದ್ದೀರಿ. ಇಲ್ಲಿ ಮಾಲೀಕಳೂ ನಾನೇ, ಕಸ ಗುಡಿಸುವವಳೂ ನಾನೇ. ಹೆಸರು ರಂಜನಾ. ನಮ್ಮದು ನೇಕಾರರ ಮನೆ. ಕೆಳಗೆ ಅಪ್ಪನ ಮಗ್ಗ, ಅಟ್ಟದ ಮೇಲೆ ನನ್ನ ಕಂಪ್ಯೂಟರು. ಹೊಟ್ಟೆಪಾಡಿಗೆ ಬೇರೆಯವರ ವೆಬ್‌ಸೈಟು ಕಟ್ಟುತ್ತೇನೆ, ಕಟ್ಟಿದ್ದನ್ನು ರಿಪೇರಿ ಮಾಡುತ್ತೇನೆ. ಶಿರಹಟ್ಟಿಯ ಒಂದು ಕಲ್ಯಾಣಮಂಟಪದ ಪುಟದಲ್ಲಿ ಎಲ್ಲ ಮದುವೆಗಳೂ ಒಂದು ದಿನ ಹಿಂದೆ ಸರಿದಿದ್ದವು. ಪುಟ ಇಟ್ಟಿದ್ದ ಯಂತ್ರ ಬೇರೆ ದೇಶದ ಗಡಿಯಾರ ನೋಡುತ್ತಿತ್ತು. ಒಂದು ಬೀಗರ ದಿಬ್ಬಣ ಹಿಂದಿನ ದಿನವೇ ಬಂದು ಬಾಗಿಲಲ್ಲಿ ನಿಂತಿತಂತೆ. ಬೈಗುಳ ತಿಂದವಳು ನಾನು.

‘ಸುರುಳಿ’ ಮಾತ್ರ ನನ್ನದು. ಯಾರೂ ಕೇಳದ ಟೇಪುಗಳೇ ನನಗೆ ಬೇಕು. ನಿಮ್ಮ ಹತ್ತಿರ ಏನಾದರೂ ಇದ್ದರೆ ಕಳಿಸಿ. ಜೊತೆಗೆ ಹಾಡಿದವರ ಹೆಸರು, ಹಾಡಿನ ಮೊದಲ ಸಾಲು ಬರೆದುಕೊಡಿ. ಜನ ಮೊದಲ ಸಾಲು ಹಿಡಿದೇ ಹುಡುಕುತ್ತಾರೆ, ಅದಕ್ಕೇ ಆ ಜಾಗ ಖಾಲಿ ಬಿಟ್ಟರೆ ನನ್ನ ಪುಟ ಕೆಂಪು ಗೆರೆ ಎಳೆದು ಹಿಂದಕ್ಕೆ ಕಳಿಸುತ್ತದೆ.

ಇಂತಿ,
ರಂಜನಾ

*

ಮುಂಡರಗಿ
೨೧ ಜೂನ್ ೨೦೨೪

ರಂಜನಾ ಅವರಿಗೆ,

ಪುಟ ಈಗ ನೆಟ್ಟಗೆ ಕಾಣುತ್ತದೆ. ಆ ಗಂಡಸಿಗೂ ಸೀರೆ ಬಿಚ್ಚಿ ಧೋತರ ಉಡಿಸಿದ್ದೀರಿ, ಒಳ್ಳೆಯದಾಯಿತು. ಹೇಳಿದ್ದನ್ನು ಕೇಳುವವರು ಈ ಕಾಲದಲ್ಲಿ ಇದ್ದಾರೆ ಎಂದು ಗವಿಸಿದ್ದೇಶನಿಗೆ ಹೇಳಿದೆ. ಅವನು ನಂಬಲಿಲ್ಲ.

ಇದರೊಂದಿಗೆ ಒಂದು ಕ್ಯಾಸೆಟ್ ಇದೆ. ೧೯೮೭ರದು. ಯಾರದೋ ಟೇಪ್ ರೆಕಾರ್ಡರ್ ರಿಪೇರಿಗೆ ಬಂದಿತ್ತು. ರಿಪೇರಿ ಆಯಿತೋ ಇಲ್ಲವೋ ನೋಡಲು ಮನೆಗೆ ಒಯ್ದೆ. ಆ ವಾರ ಹಿಟ್ಟಿನ ಗಿರಣಿ ಕೆಟ್ಟಿತ್ತು, ಮಧ್ಯಾಹ್ನ ಮನೆಯಲ್ಲಿ ಜೋಳ ಬೀಸುತ್ತಿದ್ದರು. ಪಕ್ಕದಲ್ಲಿಟ್ಟು ಗುಂಡಿ ಒತ್ತಿದೆ. ಹಾಡಿದವಳು ನನ್ನ ಚಿಗವ್ವ ಉಡಚವ್ವ, ಸಿಂಗಟಾಲೂರಿನವಳು. ಮೊದಲ ಸಾಲು ಕ್ಯಾಸೆಟ್ಟಿನ ಮೇಲೆ ಬರೆದಿದ್ದೇನೆ.

ಒಂದು ಮಾತು ಜ್ಞಾಪಕವಿರಲಿ. ಟೇಪಿನ ಮೈಮೇಲಿನ ಕಂದು ಪುಡಿ ಉದುರುತ್ತಿದೆ. ಇದು ಇನ್ನು ಒಂದೇ ಸಲ ಓಡುವ ಟೇಪು. ಆ ಭಯಕ್ಕೇ ನಾನು ಹದಿನೈದು ವರ್ಷದಿಂದ ಹಾಕಿಲ್ಲ. ನಿಮ್ಮ ಯಂತ್ರ ಚೊಕ್ಕ ಮಾಡಿಕೊಂಡು ಒಂದೇ ಸಲಕ್ಕೆ ಇಳಿಸಿಕೊಳ್ಳಿ.

ಮೂವತ್ತೇಳು ವರ್ಷ ಇದನ್ನು ಯಾರ ಕೈಗೂ ಕೊಟ್ಟಿರಲಿಲ್ಲ.

ದೇವಪ್ಪ

*

ಬೆಟಗೇರಿ
೯ ಜುಲೈ ೨೦೨೪

ದೇವಪ್ಪನವರಿಗೆ,

ಖುಷಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಕ್ಷಮಿಸಿ. ಟೇಪು ಒಂದೇ ಸಲಕ್ಕೆ ಇಳಿಯಿತು. ಹದಿನಾಲ್ಕು ನಿಮಿಷ, ಎಲ್ಲೂ ತುಂಡಾಗಲಿಲ್ಲ. ಕ್ಯಾಸೆಟ್ ಇದರೊಂದಿಗೆ ವಾಪಸ್ ಕಳಿಸಿದ್ದೇನೆ. ನೀವು ಹೇಳಿದಂತೆ ಪುಡಿಯೆಲ್ಲ ನನ್ನ ಯಂತ್ರಕ್ಕೆ ಮೆತ್ತಿಕೊಂಡಿತು.

ಉಡಚವ್ವನವರ ದನಿಗೆ ಏನು ಹೇಳಲಿ! ಆದರೆ ಅದರ ಕೆಳಗೆ ಮೊದಲಿನಿಂದ ಕೊನೆಯವರೆಗೂ ಗರಗರ ಸದ್ದು. ಬೀಸುವ ಕಲ್ಲಿನದು. ದನಿಯನ್ನು ಅರ್ಧ ನುಂಗಿತ್ತು. ಮೂರು ದಿನ ಬೇರೆ ಕೆಲಸ ಬಿಟ್ಟು ಅದನ್ನು ತೆಗೆದೆ. ಹೇಗೆಂದರೆ, ಯಾರೂ ಹಾಡದೆ ಬರೀ ಸದ್ದಿರುವ ಒಂದು ತುಣುಕು ಹುಡುಕಬೇಕು. ಹನ್ನೊಂದು ಸೆಕೆಂಡಿನದೊಂದು ಸಿಕ್ಕಿತು. ಅದನ್ನು ಕಂಪ್ಯೂಟರಿಗೆ ತೋರಿಸಿ ‘ಇದು ಕಸ’ ಎನ್ನಬೇಕು. ಅದು ಆ ಕಸವನ್ನು ಹದಿನಾಲ್ಕು ನಿಮಿಷದಲ್ಲೂ ಹೆಕ್ಕಿ ತೆಗೆಯುತ್ತದೆ. ನಡುನಡುವೆ ಹಾಡಿಲ್ಲದ ಖಾಲಿ ಜಾಗಗಳಿದ್ದವು, ಅವನ್ನೂ ಕತ್ತರಿಸಿ ಹಾಡನ್ನು ಹತ್ತಿರ ಹತ್ತಿರ ತಂದೆ. ಈಗ ಒಂಬತ್ತು ನಿಮಿಷ.

ನಾನು ಹುಟ್ಟಿದ್ದೇ ಮಗ್ಗದ ಸದ್ದಿನಲ್ಲಿ. ನಮ್ಮ ಓಣಿಯಲ್ಲಿ ಹಾಡು ಕೇಳಬೇಕೆಂದರೆ ಮೊದಲು ಮಗ್ಗವನ್ನು ಕಿವಿಯಿಂದ ಕಳೆಯಬೇಕು. ಆ ಕಲೆ ನನಗೆ ಚೆನ್ನಾಗಿ ಬರುತ್ತದೆ.

ಅವ್ವನಿಗೆ ಕೇಳಿಸಿದೆ. ಅವಳು, “ದನಿ ಭಾಳ ಚಲೋ ಐತಿ. ಆದ್ರ ಕೈಗೆ ಕೆಲಸ ಇಲ್ಲದ ಕುಂತು ಹಾಡಿದಂಗ ಕೇಳತೈತಿ ನೋಡು” ಎಂದಳು. ನಮ್ಮ ಅವ್ವ ಬನಶಂಕರೆವ್ವನ ಕಿವಿಗೆ ಒಮ್ಮೆಲೇ ಏನೂ ಒಪ್ಪಿಗೆಯಾಗುವುದಿಲ್ಲ, ಬಿಡಿ.

ನಿನ್ನೆ ಹಾಕಿದ್ದೇನೆ. ಒಂದೇ ದಿನಕ್ಕೆ ನಾಲ್ಕುನೂರು ಜನ ಕೇಳಿದ್ದಾರೆ. ‘ಎಷ್ಟು ಸ್ವಚ್ಛ!’ ಎಂದು ಬರೆದಿದ್ದಾರೆ.

ರಂಜನಾ

*

ಮುಂಡರಗಿ
೧೫ ಜುಲೈ ೨೦೨೪

ರಂಜನಾ ಅವರೇ,

ಕೇಳಿದೆ. ನೀವು ಏನು ಮಾಡಿದ್ದೀರೆಂದು ನಿಮಗೆ ಗೊತ್ತಿದೆಯೇ?

ಬೀಸುವ ಪದದಲ್ಲಿ ಬೀಸುವ ಕಲ್ಲು ಕಸವೇ? ಹಾಗಾದರೆ ಹಿಟ್ಟೂ ಕಸ, ರೊಟ್ಟಿಯೂ ಕಸ. ನಿಮಗೆ ಯಾರು ಹೇಳಿದರು ತೆಗೆಯಲು? ನಾನು ಟೇಪು ಕಳಿಸಿದ್ದು ಇಳಿಸಿಕೊಳ್ಳಲು, ತೊಳೆಯಲು ಅಲ್ಲ. ನಡುವೆ ಬಳೆಯ ಸದ್ದು ಅಲ್ಲಲ್ಲಿ ಉಳಿದಿದೆ. ಕೈಯಿಲ್ಲದ ಬಳೆ. ಮತ್ತೆ ಆ ‘ಖಾಲಿ ಜಾಗ’! ಅದು ಖಾಲಿ ಎಂದು ನಿಮಗೆ ಯಾರು ಹೇಳಿದರು?

ಸ್ವಚ್ಛ ಎಂದು ಹೊಗಳಿದ ನಾಲ್ಕುನೂರು ಜನ ಒಮ್ಮೆಯಾದರೂ ಕಲ್ಲಿನ ಮುಂದೆ ಕೂತಿದ್ದರೇ?

ಈ ಕಾಗದ ಮುಟ್ಟಿದ ಕೂಡಲೇ ಅದನ್ನು ತೆಗೆಯಿರಿ. ಮೊದಲು ಇಳಿಸಿಕೊಂಡ ಹದಿನಾಲ್ಕು ನಿಮಿಷ ಇದ್ದಹಾಗೇ ನನಗೆ ಕಳಿಸಿರಿ.

ದೇವಪ್ಪ

*

ಬೆಟಗೇರಿ
೨೨ ಜುಲೈ ೨೦೨೪

ದೇವಪ್ಪನವರಿಗೆ,

ತೆಗೆದಿದ್ದೇನೆ. ಆ ಪುಟ ಈಗಿಲ್ಲ. ಸಮಾಧಾನವಾಯಿತೇ?

ನನಗೂ ಸಿಟ್ಟು ಬರುತ್ತದೆ, ಅದನ್ನೂ ಕೇಳಿ. ಮೂರು ದಿನ ಕಣ್ಣು ಕೆಂಪಾಗುವವರೆಗೆ ಕೂತು ಮಾಡಿದ ಕೆಲಸ ಅದು. ಕಲ್ಲು ಇರಲಿ ಎಂದು ನಿಮ್ಮ ಕಾಗದದಲ್ಲಿ ಒಂದು ಅಕ್ಷರ ಇದ್ದರೆ ನಾನು ಮುಟ್ಟುತ್ತಿರಲಿಲ್ಲ. ಹಾಡಿದವರ ಹೆಸರು ಕೊಟ್ಟಿರಿ, ಮೊದಲ ಸಾಲು ಕೊಟ್ಟಿರಿ. ಅಷ್ಟೇ ಮುಖ್ಯ ಎಂದುಕೊಂಡೆ. ಧ್ವನಿಮುದ್ರಣ ದೇವಪ್ಪ ಎಂದು ನಿಮ್ಮ ಹೆಸರನ್ನೂ ಎಲ್ಲಕ್ಕಿಂತ ಮೇಲೆ ಹಾಕಿದ್ದೆ. ಇನ್ನೇನು ಮಾಡಬೇಕಿತ್ತು?

ಹಳೆಯದು ಹೇಗಿತ್ತೋ ಹಾಗೇ ಇರಬೇಕು, ಧೂಳನ್ನೂ ಒರೆಸಬಾರದು ಎನ್ನುವ ಜನರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಾರೂ ಒಂದು ಟೇಪನ್ನೂ ಉಳಿಸಿಲ್ಲ. ನೀವೂ ಅವರ ಸಾಲಿಗೆ ಸೇರುತ್ತೀರಿ ಎಂದುಕೊಂಡಿರಲಿಲ್ಲ.

ಮೊದಲಿನದು ಕಂಪ್ಯೂಟರಿನಲ್ಲಿ ಎಲ್ಲೋ ಇರಬೇಕು. ಹುಡುಕಿ ಕಳಿಸುತ್ತೇನೆ.

ರಂಜನಾ

*

ಮುಂಡರಗಿ
೩೦ ಜುಲೈ ೨೦೨೪

ರಂಜನಾ ಅವರೇ,

ನನ್ನ ಹೆಸರು ಯಾರಿಗೆ ಬೇಕಿತ್ತು?

ಹೇಳಬಾರದು ಎಂದುಕೊಂಡಿದ್ದೆ. ಕಿವಿ ಇದ್ದವರಿಗೆ ತಾನೇ ತಿಳಿಯುತ್ತದೆ ಎಂಬ ಸೊಕ್ಕು ನನಗೂ ಇತ್ತು. ಈಗ ಹೇಳುತ್ತೇನೆ.

ಬೀಸುವಾಗ ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬಳು ಸೊಲ್ಲು ಎತ್ತುತ್ತಾಳೆ, ಇನ್ನೊಬ್ಬಳು ಅದನ್ನು ಹಿಡಿದು ತಿರುಗಿ ಹಾಡುತ್ತಾಳೆ. ಆ ಮಧ್ಯಾಹ್ನ ಸೊಲ್ಲು ಎತ್ತಿದವಳು ಚಿಗವ್ವ. ಎದುರಿಗೆ ಕೂತು ಗೂಟ ಹಿಡಿದವಳು ಅವಳ ಅಕ್ಕ. ಅಂದರೆ ನನ್ನ ಅವ್ವ.

ನಮ್ಮ ಅವ್ವನಿಗೆ ಹುಟ್ಟಿದಾಗಿನಿಂದ ಮಾತಿರಲಿಲ್ಲ. ಕಿವಿ ಚುರುಕು, ಬಾಯಿ ಇಲ್ಲ. ಓಣಿಯವರೆಲ್ಲ ಮೂಕವ್ವ ಎನ್ನುತ್ತಿದ್ದರು. ಹನಮಂತವ್ವ ಎಂಬ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಇತ್ತು. ಚಿಗವ್ವ ಒಂದು ಸೊಲ್ಲು ಮುಗಿಸಿ ಸುಮ್ಮನಾಗುತ್ತಿದ್ದಳು. ಅಕ್ಕನ ಸರದಿ ಬಿಡುತ್ತಿದ್ದಳು. ಅವ್ವ ಕಲ್ಲು ತಿರುಗಿಸುತ್ತಿದ್ದಳು, ಒಂದು ಸೊಲ್ಲು ಹಾಡುವಷ್ಟು ಹೊತ್ತು, ಅದೇ ಗತ್ತಿನಲ್ಲಿ, ಅದೇ ಲಯದಲ್ಲಿ. ಆಮೇಲೆ ಚಿಗವ್ವನ ಮುಂದಿನ ಸೊಲ್ಲು. ನೀವು ಕತ್ತರಿಸಿ ಎಸೆದ ಖಾಲಿ ಜಾಗ ಇದು.

ಅವ್ವ ತೀರಿಕೊಂಡು ಇಪ್ಪತ್ತೆರಡು ವರ್ಷ. ಒಂದು ಫೋಟೋ ಇದೆ. ಸದ್ದು ಅಂತ ಇದ್ದದ್ದು ಆ ಟೇಪಿನಲ್ಲಿ.

ನಿಮ್ಮ ಸ್ವಚ್ಛವಾದ ಒಂಬತ್ತು ನಿಮಿಷ ಹಿಡಿದುಕೊಂಡು ಸಿಂಗಟಾಲೂರಿಗೆ ಹೋಗಿದ್ದೆ. ಇದು ನಿಮಗೆ ಬೈದು ಬರೆಯುವ ಮೊದಲಿನ ಮಾತು. ಸದ್ದು ಒಂದಿಷ್ಟು ತಗ್ಗಿಸಿರಬೇಕು ಎಂದುಕೊಂಡು, ನಾನು ಮೊದಲು ಕೇಳದೆ, ಚಿಗವ್ವನ ಜೊತೆ ಕೂತೇ ಕೇಳಬೇಕೆಂದು ಹೋಗಿದ್ದೆ. ಅವಳಿಗೆ ಈಗ ಎಂಬತ್ತೆರಡು. ಪೂರ್ತಿ ಕೇಳಿದಳು. ಮೊಬೈಲನ್ನು ತಿರುಗಿಸಿ ಹಿಂದುಗಡೆ ನೋಡಿದಳು. “ಇದೇನೋ ದ್ಯಾವಪ್ಪ, ನಾ ಒಬ್ಬಾಕಿನ ಹಾಡಾಕತ್ತೇನಿ? ಅಕ್ಕ ಎಲ್ಲಿಗೆ ಎದ್ದು ಹೋದ್ಲು?” ಎಂದಳು. ಅದಕ್ಕೆ ಉತ್ತರ ನೀವೇ ಕೊಡಿ.

ವಾಪಸ್ ಬಂದ ಕ್ಯಾಸೆಟ್ಟನ್ನು ನಿನ್ನೆ ಹಾಕಿ ನೋಡಿದೆ. ಕಂದು ಪುಡಿಯೆಲ್ಲ ಹೋಗಿ ಟೇಪು ಗಾಜಿನಂತಾಗಿದೆ. ಅದರಲ್ಲಿ ಏನೂ ಇಲ್ಲ.

ಎಲ್ಲೋ ಇರಬೇಕು ಎಂದಿರಲ್ಲ, ಆ ಹದಿನಾಲ್ಕು ನಿಮಿಷ ಕಳಿಸಿರಿ.

ದೇವಪ್ಪ

*

ಮುಂಡರಗಿ
೧೭ ಆಗಸ್ಟ್ ೨೦೨೪

ರಂಜನಾ ಅವರೇ,

ಹದಿನೆಂಟು ದಿನವಾಯಿತು. ಅಂಚೆಯವನು ನನ್ನನ್ನು ನೋಡಿದರೆ ದೂರದಿಂದಲೇ ಕೈ ಆಡಿಸುತ್ತಾನೆ. ನಿಮ್ಮ ಚಕ್ರ ತಿರುಗುತ್ತಲೇ ಇದೆಯೇನು?

ದೇವಪ್ಪ

*

ಬೆಟಗೇರಿ
೨೮ ಆಗಸ್ಟ್ ೨೦೨೪

ದೇವಪ್ಪನವರಿಗೆ,

ಹದಿನಾಲ್ಕು ನಿಮಿಷ ಇಲ್ಲ.

ಈ ಮೂರು ಪದ ಬರೆಯಲಾಗದೆ ಒಂದು ತಿಂಗಳು ಸುಮ್ಮನಿದ್ದೆ. ‘ಎಲ್ಲೋ ಇರಬೇಕು’ ಎಂದು ಬರೆದಾಗಲೂ ನನಗೆ ಗೊತ್ತಿತ್ತು. ಅದು ಸುಳ್ಳು. ಕಲ್ಯಾಣಮಂಟಪದವರು ನಾಲ್ಕು ಸಾವಿರ ಫೋಟೋ ಕಳಿಸಿದ್ದರು, ಜಾಗವಿಲ್ಲ ಎಂದು ಕಂಪ್ಯೂಟರು ಬಡಿದುಕೊಳ್ಳುತ್ತಿತ್ತು. ಕಲ್ಲು ತೆಗೆದ ಹಾಡನ್ನು ಮೊದಲಿನದರ ಮೇಲೆಯೇ, ಅದೇ ಹೆಸರಿನಲ್ಲಿ ಉಳಿಸಿಬಿಟ್ಟೆ. ಮೊದಲಿನದು ಯಾರಿಗೆ ಬೇಕು ಎಂದುಕೊಂಡೆ. ಆ ಮಂಟಪದ ಪುಟಕ್ಕೆ ಯಾವ ಹಸಿರು ಬಣ್ಣ ಒಪ್ಪುತ್ತದೆ ಎಂದು ಹದಿನಾರು ಸಲ ಬದಲಿಸಿದ್ದೆ. ಆ ಹದಿನಾರೂ ನನ್ನಲ್ಲಿ ಭದ್ರವಾಗಿವೆ. ಒಂದೇ ಸಲ ಓಡುವ ಟೇಪಿನದು ಒಂದೂ ಇಲ್ಲ. ನಿಮಗೆ ನನ್ನ ಮೇಲಿರುವ ಸಿಟ್ಟಿನ ಎರಡರಷ್ಟು ನನಗೆ ನನ್ನ ಮೇಲಿದೆ.

ಕಂಪ್ಯೂಟರನ್ನು ಗದಗಿನ ಅಝೀಮನಿಗೆ ಕೊಟ್ಟೆ. ಅಳಿಸಿಹೋದದ್ದನ್ನು ಹುಡುಕಿ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಎಂಟು ದಿನ ಇಟ್ಟುಕೊಂಡ. “ಅಕ್ಕಾರ, ಅಳಿಸಿದ್ರ ತಗದು ಕೊಡತಿದ್ದೆ. ನೀವು ಅದರ ಮ್ಯಾಲ ಬರದೀರಿ. ಇನ್ನ ಸಿಗಂಗಿಲ್ರಿ” ಎಂದ.

ಅವತ್ತು ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. “ನಿಮ್ಮಜ್ಜ ಮಗ್ಗ ಬಡಿಯೂ ಮುಂದ ಗಡದ್ದ ನಿದ್ದಿ ಮಾಡತಿದ್ದ. ಮಗ್ಗ ನಿಂತ್ರ ಎದ್ದು ಕುಂಡ್ರತಿದ್ದ, ಯಾರಿಗೆ ಏನಾತು ಅಂತ ಕೇಳತಿದ್ದ. ಆ ಮನಿತನದಾಗ ಹುಟ್ಟಿ ನಿನಗ ಇಷ್ಟ ತಿಳಿಲಿಲ್ಲಲ್ಲ” ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ನನಗೆ ಆ ಹನ್ನೊಂದು ಸೆಕೆಂಡು ನೆನಪಾಯಿತು. ಕಂಪ್ಯೂಟರಿಗೆ ‘ಇದು ಕಸ’ ಎಂದು ತೋರಿಸಲು ಒಂದು ತುಣುಕು ಕತ್ತರಿಸಿದ್ದೆನಲ್ಲ, ಅದು. ಮುಂದೆ ಬೇರೆ ಬೀಸುವ ಪದ ಬಂದರೆ ಉಪಯೋಗಕ್ಕೆ ಬರಲಿ ಎಂದು ಅದನ್ನು ಬೇರೆಯಾಗಿ ಇಟ್ಟಿದ್ದೆ. ಅದಕ್ಕೆ ‘ಕಸ’ ಎಂದೇ ಹೆಸರು ಕೊಟ್ಟಿದ್ದೆ. ಅದು ಇದೆ. ನಾನು ತೊಳೆಯದ, ಮುಟ್ಟದ ಹನ್ನೊಂದು ಸೆಕೆಂಡು.

ಯಾರೂ ಹಾಡದ ಜಾಗ ಹುಡುಕಿ ಹುಡುಕಿ ಅದನ್ನು ಆರಿಸಿದ್ದೆ. ಅದು ನಿಮ್ಮ ಅವ್ವನ ಸರದಿಯೇ ಇರಬೇಕು. ಹದಿನಾಲ್ಕು ನಿಮಿಷದಲ್ಲಿ ನನ್ನ ಕೈಯಿಂದ ಉಳಿದದ್ದು ಅದೊಂದೇ.

ಅದನ್ನೇ ಜೋಡಿಸಿ ಜೋಡಿಸಿ ಉದ್ದ ಮಾಡಿ ಹಾಡಿನ ಕೆಳಗೆ ಹಾಕಬಹುದಿತ್ತು. ನನಗೆ ಬರುತ್ತದೆ. ಒಂದು ಸಂಜೆ ಮಾಡಲು ಕೂತೆ, ಎದ್ದುಬಿಟ್ಟೆ. ಅದು ನಿಮ್ಮ ಅವ್ವ ಬೀಸಿದ್ದಲ್ಲ, ನಾನು ಬೀಸಿದ್ದಾಗುತ್ತದೆ.

ಪೆನ್ ಡ್ರೈವ್ ಇಟ್ಟಿದ್ದೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ.

ರಂಜನಾ

*

ಮುಂಡರಗಿ
೯ ಸೆಪ್ಟೆಂಬರ್ ೨೦೨೪

ರಂಜನಾ ಅವರಿಗೆ,

ಸಿಟ್ಟು ಇಳಿದಿಲ್ಲ. ಇಳಿಯುತ್ತದೆ ಎಂದು ಕಾಯಬೇಡಿ. ಹದಿನಾಲ್ಕು ನಿಮಿಷ ಇದ್ದ ಅವ್ವನನ್ನು ಹನ್ನೊಂದು ಸೆಕೆಂಡು ಮಾಡಿ ಕೊಟ್ಟಿದ್ದೀರಿ.

ಗವಿಸಿದ್ದೇಶನಿಂದ ಮೊಬೈಲಿಗೆ ಹಾಕಿಸಿಕೊಂಡು, ಅಂಗಡಿ ಮುಚ್ಚಿಕೊಂಡು ಒಬ್ಬನೇ ಕೇಳಿದೆ. ಒಂದು, ಎರಡು ಎಂದು ಎಣಿಸುತ್ತ ಕೇಳಿದೆ. ಏಳಕ್ಕೆ ಕಲ್ಲು ಒಂದಿಷ್ಟು ತಡೆಯುತ್ತದೆ. ಅಲ್ಲಿ ಅವ್ವ ಎಡಗೈಯಿಂದ ಕಲ್ಲಿನ ಬಾಯಿಗೆ ಹಿಡಿ ಜೋಳ ಹಾಕಿದಳು. ನಾನು ಅಂದು ಅಲ್ಲೇ ಕೂತಿದ್ದೆ, ನನಗೆ ಕಾಣುತ್ತದೆ. ಎಂಟಕ್ಕೆ ಮತ್ತೆ ಗತ್ತು ಹಿಡಿಯುತ್ತದೆ. ಯಾವ ಕಾಲಕ್ಕೂ ಅವಳ ಗತ್ತು ತಪ್ಪಿದ್ದಿಲ್ಲ.

ಮರುದಿನ ಸಿಂಗಟಾಲೂರಿಗೆ ಹೋದೆ. ಚಿಗವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಏನೂ ಹೇಳದೆ ಪಕ್ಕದಲ್ಲಿ ಕೂತು ಕೇಳಿಸಿದೆ. ಅವಳ ಕೈ ನಿಂತಿತು. ಹನ್ನೊಂದು ಸೆಕೆಂಡು ಮುಗಿದು ಮೊಬೈಲು ಸುಮ್ಮನಾಯಿತು. ಅಕ್ಕನ ಸರದಿ ಮುಗಿಯಿತಲ್ಲ, ಚಿಗವ್ವ ಮುಂದಿನ ಸೊಲ್ಲು ಎತ್ತಿದಳು. ಮೂವತ್ತೇಳು ವರ್ಷ ನಡುವೆ ಹೋಗೇ ಇಲ್ಲವೆನ್ನುವ ಹಾಗೆ ಎತ್ತಿದಳು. ಒಂದು ಸೊಲ್ಲು ಮುಗಿಸಿ ಸುಮ್ಮನಾಗಿ ನನ್ನ ಮುಖ ನೋಡಿದಳು. “ಹಚ್ಚೋ. ಆಕಿ ಪಾಳಿ ಬಂತು” ಎಂದಳು. ಮತ್ತೆ ಹಚ್ಚಿದೆ. ಎಷ್ಟು ಸಲ ಹಚ್ಚಿದೆನೋ ಲೆಕ್ಕವಿಲ್ಲ. ನನಗೆ ಕಣ್ಣೀರು ಬಂತು, ಅವಳಿಗೆ ಬರಲಿಲ್ಲ.

ಅದನ್ನು ನಾನು ರೆಕಾರ್ಡು ಮಾಡಿಕೊಳ್ಳಲಿಲ್ಲ. ಮಾಡಿದ್ದೀರಾ ಎಂದು ಕೇಳಬೇಡಿ. ನಿಮ್ಮ ಕೈಗೆ ಇನ್ನೇನನ್ನೂ ಕೊಡುವ ಧೈರ್ಯ ನನಗಿಲ್ಲ.

ಆದರೆ ಆ ಹನ್ನೊಂದು ಸೆಕೆಂಡನ್ನು ‘ಸುರುಳಿ’ಯಲ್ಲಿ ಹಾಕಿರಿ. ಉದ್ದ ಮಾಡಬೇಡಿ. ಒರೆಸಬೇಡಿ. ‘ಕಸ’ ಎಂಬ ಹೆಸರು ಇಂದೇ ತೆಗೆಯಿರಿ. ಹಾಡಿದವರು ಎಂಬ ಕಡೆ ಹನಮಂತವ್ವ ಎಂದು ಬರೆಯಿರಿ. ಮೂಕವ್ವ ಎಂದು ಕರೆದವರೆಲ್ಲ ಓದಲಿ.

ಹಾಡಿನ ಮೊದಲ ಸಾಲು ಕೇಳುತ್ತದಲ್ಲ ನಿಮ್ಮ ಪುಟ, ಅಲ್ಲಿ ಏನೂ ಬರೆಯಬೇಡಿ. ಖಾಲಿ ಬಿಡಿ. ಖಾಲಿ ಬಿಟ್ಟರೆ ಕೆಂಪು ಗೆರೆ ಎಳೆದು ಹಿಂದಕ್ಕೆ ಕಳಿಸುತ್ತದೆ ಎಂದಿದ್ದೀರಿ. ಕಳಿಸಿದರೆ ಪುಟವನ್ನು ರಿಪೇರಿ ಮಾಡಿರಿ.

ದೇವಪ್ಪ